ಬ್ರಿಟಿಷ್ ಕಾಲದ ದೆಹಲಿ ಶಾಸನಸಭೆ: ಯಾರ ಜಾಗಕ್ಕೆ ಯಾರು ಬಂದರು ಎಂದು ಹುಡುಕುವುದು ಹೇಗೆ?

1928ರ ಸೆಪ್ಟೆಂಬರಿನಲ್ಲಿ, ಬ್ರಿಟಿಷ್ ಇಂಡಿಯಾದ ಕೆಳಮನೆಯಾಗಿದ್ದ ಕೇಂದ್ರ ಶಾಸನಸಭೆಯ ಮುಂದೆ ಸಾರ್ವಜನಿಕ ಸುರಕ್ಷತಾ ಮಸೂದೆ ಬಂತು. ಓಟು ಎಣಿಸಿದರೆ ಆ ಕಡೆ 61, ಈ ಕಡೆ 61. ಅಧ್ಯಕ್ಷರಾಗಿದ್ದ ವಿಠ್ಠಲಭಾಯಿ ಪಟೇಲರು ತಮ್ಮ ಓಟನ್ನು ಸರ್ಕಾರದ ವಿರುದ್ಧ ಹಾಕಿ ಮಸೂದೆಯನ್ನು ಕೆಡವಿದರು. 1946ರ ಜನವರಿ 24ರಂದು ಅದೇ ಸಭೆಯ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದಾಗ ಮಾವಳಂಕರ್ ಅವರಿಗೆ 66 ಓಟು, ಕವಾಸ್‌ಜಿ ಜಹಾಂಗೀರ್ ಅವರಿಗೆ 63. ಅಂತರ ಮೂರೇ ಮೂರು.

ಇಂಥ ಸಭೆಯಲ್ಲಿ ಒಬ್ಬ ಸದಸ್ಯ ತೀರಿಕೊಂಡರೆ, ಇಬ್ಬರು ರಾಜೀನಾಮೆ ಕೊಟ್ಟರೆ ಲೆಕ್ಕವೇ ಬದಲಾಗುತ್ತದೆ, ಅಲ್ವಾ? ಆದರೆ ನಮಗೆ ಸಿಗುವ ಪಟ್ಟಿಗಳೆಲ್ಲ ಚುನಾವಣೆ ಮುಗಿದ ದಿನದವು. 1934ರಲ್ಲಿ ಗೆದ್ದವರು ಇವರು ಅಂತ ಒಂದು ಪಟ್ಟಿ, 1945ರಲ್ಲಿ ಗೆದ್ದವರು ಇವರು ಅಂತ ಇನ್ನೊಂದು ಪಟ್ಟಿ. ನಡುವಿನ ಹತ್ತು ವರ್ಷ ಯಾರು ಬಂದರು, ಯಾರು ಹೋದರು, ಏಕೆ ಹೋದರು ಎಂಬುದನ್ನು ನಾವೇ ಹುಡುಕಬೇಕು. ಊರಿನ ಇತಿಹಾಸ ಬರೆಯುವವರಿಗೆ, ವಿಕಿಪೀಡಿಯದಲ್ಲಿ ಪಟ್ಟಿ ತಿದ್ದುವವರಿಗೆ, "ನಮ್ಮ ಮುತ್ತಜ್ಜ ದೆಹಲಿ ಅಸೆಂಬ್ಲಿ ಮೆಂಬರ್ ಆಗಿದ್ದರಂತೆ" ಎಂಬ ಮನೆಮಾತನ್ನು ಪರೀಕ್ಷಿಸಬೇಕು ಅನ್ನುವವರಿಗೆ ಈ ಲೇಖನ. ಕಷ್ಟದ ಕೆಲಸ ಏನಲ್ಲ. ಕ್ರಮ ಗೊತ್ತಿರಬೇಕು ಅಷ್ಟೇ.

ಮೊದಲು ನೋಡಬೇಕಾದ್ದು: ನಿಮ್ಮ ಊರಿಗೆ ಅಲ್ಲಿ ಸೀಟು ಇತ್ತಾ?

ಸುಮ್ನೆ ಹುಡುಕುತ್ತಾ ಕೂರುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ. ಕೇಂದ್ರ ಶಾಸನಸಭೆ 1919ರ ಕಾಯ್ದೆಯಿಂದ ಹುಟ್ಟಿ 1921ರ ಫೆಬ್ರವರಿಯಲ್ಲಿ ಶುರುವಾದದ್ದು, 1947ರ ಆಗಸ್ಟ್ 14ರವರೆಗೆ ಇದ್ದದ್ದು. ಅದು ಬ್ರಿಟಿಷ್ ಇಂಡಿಯಾದ ಸಭೆ. ಮೈಸೂರು ಸಂಸ್ಥಾನಕ್ಕೆ ಅಲ್ಲಿ ಸೀಟು ಇರಲಿಲ್ಲ. ನಿಜಾಮರ ಕೈಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿಗೂ ಇರಲಿಲ್ಲ. ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿದ್ದರೂ ಅದಕ್ಕೆ ಚುನಾಯಿತ ಸೀಟು ಕೊಟ್ಟಿರಲಿಲ್ಲ. ಅದಕ್ಕೆ 1924ರಿಂದ ಮಡಿಕೇರಿಯಲ್ಲಿ ತನ್ನದೇ ಪುಟ್ಟ ಕೌನ್ಸಿಲ್ ಇತ್ತು. ಹಾಗಾಗಿ ತುಮಕೂರು, ಮಂಡ್ಯ ಕಡೆಯ ಮುತ್ತಜ್ಜ "ಅಸೆಂಬ್ಲಿ ಮೆಂಬರ್" ಆಗಿದ್ದರೆ ಅದು ಬಹುಶಃ ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ಅದರ ದಾಖಲೆಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು, ದೆಹಲಿಯ ದಾಖಲೆಯಲ್ಲಿ ತಡಕಾಡಿ ಪ್ರಯೋಜನ ಇಲ್ಲ.

ಉಳಿದವರು ತಮ್ಮ ಕ್ಷೇತ್ರದ ಹೆಸರು ಬರೆದುಕೊಳ್ಳಿ. ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡದವರಿಗೆ "ಬಾಂಬೆ ಸದರ್ನ್ ಡಿವಿಜನ್". ದಕ್ಷಿಣ ಕನ್ನಡದವರಿಗೆ "ವೆಸ್ಟ್ ಕೋಸ್ಟ್ ಅಂಡ್ ನೀಲಗಿರೀಸ್". ಇದರಲ್ಲಿ ಮಂಗಳೂರಿನ ಜೊತೆಗೆ ಮಲಬಾರ್ ಮತ್ತು ನೀಲಗಿರಿಯೂ ಸೇರಿದ್ದವು. ಬಳ್ಳಾರಿಯವರಿಗೆ "ಮದ್ರಾಸ್ ಸೀಡೆಡ್ ಡಿಸ್ಟ್ರಿಕ್ಟ್ಸ್ ಅಂಡ್ ಚಿತ್ತೂರ್". ಕೊಳ್ಳೇಗಾಲದವರದ್ದು ಇನ್ನೂ ಮಜಾ. ಆ ತಾಲೂಕು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆದ್ದರಿಂದ ಅವರ ಕ್ಷೇತ್ರ "ಸೇಲಂ ಅಂಡ್ ಕೊಯಮತ್ತೂರ್ ಕಮ್ ನಾರ್ತ್ ಆರ್ಕಾಟ್". ಈ ಸೀಟಿನಲ್ಲಿ ಕೂತಿದ್ದವರು ಆರ್. ಕೆ. ಷಣ್ಮುಖಂ ಚೆಟ್ಟಿ. ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ ಒಂದು ಕಾಲಕ್ಕೆ ಕೊಳ್ಳೇಗಾಲದ ಪ್ರತಿನಿಧಿ ಕೂಡ ಆಗಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು?

ಕ್ಷೇತ್ರದ ಹೆಸರಿನ ಮುಂದೆ ಒಂದು ಕೋಲನ್ (:) ಇರುತ್ತದೆ. ಅದರ ಮುಂದಿನ ಪದಗಳನ್ನು ಬಿಡದೆ ಓದಿ. ಆಗ ಪ್ರತ್ಯೇಕ ಮತಕ್ಷೇತ್ರದ ಪದ್ಧತಿ ಇತ್ತು, ಅಂದರೆ ಒಂದೇ ಪ್ರದೇಶಕ್ಕೆ ಮುಸ್ಲಿಂ ಮತದಾರರ ಸೀಟು ಬೇರೆ, ಮುಸ್ಲಿಮೇತರರದ್ದು ಬೇರೆ. 1934ರ ನಂತರದ ಸಭೆಯಲ್ಲಿ "ವೆಸ್ಟ್ ಕೋಸ್ಟ್ ಅಂಡ್ ನೀಲಗಿರೀಸ್: ನಾನ್ ಮುಹಮ್ಮದನ್ ರೂರಲ್" ಸೀಟಿನಲ್ಲಿ ಸ್ಯಾಮ್ಯುಯಲ್ ಆರನ್ ಇದ್ದರು, "ವೆಸ್ಟ್ ಕೋಸ್ಟ್ ಅಂಡ್ ನೀಲಗಿರೀಸ್: ಮುಹಮ್ಮದನ್" ಸೀಟಿನಲ್ಲಿ ಸತ್ತಾರ್ ಸೇಟ್ ಇದ್ದರು. ಕೋಲನ್ ನೋಡದೆ ಬರೆದರೆ ಒಬ್ಬರು ಇನ್ನೊಬ್ಬರ ಜಾಗಕ್ಕೆ ಬಂದಂತೆ ಕಾಣುತ್ತದೆ. ನಿಜದಲ್ಲಿ ಇಬ್ಬರೂ ಒಂದೇ ಸಭೆಯಲ್ಲಿ ಒಟ್ಟಿಗೆ ಕೂತವರು.

ಹೆಸರಿನ ಪಟ್ಟಿ ಬೇಡ, ಸೀಟಿನ ಪಟ್ಟಿ ಮಾಡಿ

ಹೆಚ್ಚಿನವರು ಸದಸ್ಯರ ಹೆಸರನ್ನು ಅಕಾರಾದಿಯಾಗಿ ಬರೆದು ಪಕ್ಕದಲ್ಲಿ ವರ್ಷ ಹಾಕುತ್ತಾ ಹೋಗುತ್ತಾರೆ. ಅದರಿಂದ ಬದಲಾವಣೆ ಕಾಣುವುದೇ ಇಲ್ಲ. ಎಕ್ಸೆಲ್ ತೆಗೆದು ಎಡಗಡೆ ಸೀಟಿನ ಹೆಸರು ಹಾಕಿ, ಒಂದು ಸೀಟಿಗೆ ಒಂದೇ ಸಾಲು. ಅದರ ಮುಂದೆ ಆ ಸೀಟಿನಲ್ಲಿ ಕೂತವರನ್ನು ಕಾಲಕ್ರಮದಲ್ಲಿ ಬರೆಯಿರಿ. ಖಾಲಿ ಜಾಗ ಎಲ್ಲಿದೆ ಎಂದು ತಾನಾಗೇ ಎದ್ದು ಕಾಣುತ್ತದೆ. ಬಸ್ಸಿನ ಸೀಟಿನ ಹಾಗೆ ನೋಡಿ, ಯಾರೋ ಇಳಿದರೆ ಇನ್ಯಾರೋ ಹತ್ತಿರಲೇಬೇಕು.

ಸಭೆಯಲ್ಲಿ ಒಟ್ಟು ಸೀಟು ಸುಮಾರು 145. ಅದರಲ್ಲಿ ನೂರಕ್ಕೂ ಸ್ವಲ್ಪ ಜಾಸ್ತಿ ಚುನಾಯಿತರು, ಉಳಿದವರು ನಾಮಕರಣಗೊಂಡವರು, ಅಂದರೆ ಚುನಾವಣೆ ಇಲ್ಲದೆ ಸರ್ಕಾರವೇ ನೇಮಿಸಿದವರು. ಚುನಾಯಿತ ಸೀಟುಗಳನ್ನು ಮೊದಲು ಮಾಡಿ. ನಾಮಕರಣದವರನ್ನು, ಅದರಲ್ಲೂ ಸರ್ಕಾರಿ ಅಧಿಕಾರಿಗಳನ್ನು, ಕೊನೆಗೆ ಇಟ್ಟುಕೊಳ್ಳಿ. ಕಾರಣ ಹೇಳುತ್ತೇನೆ. ದೆಹಲಿಯಲ್ಲಿ ಚಳಿಗಾಲದ ಅಧಿವೇಶನ, ಸಿಮ್ಲಾದಲ್ಲಿ ಆಗಸ್ಟ್ ಸೆಪ್ಟೆಂಬರಿನ ಅಧಿವೇಶನ. ಒಂದೊಂದು ಅಧಿವೇಶನಕ್ಕೂ ಇಲಾಖೆಗಳು ತಮಗೆ ಬೇಕಾದ ಅಧಿಕಾರಿಯನ್ನು ಕಳಿಸುತ್ತಿದ್ದವು. ರೈಲ್ವೆ ಬಜೆಟ್ ಇದ್ದಾಗ ಒಬ್ಬರು, ಅದು ಮುಗಿದ ಮೇಲೆ ಇನ್ನೊಬ್ಬರು. ಸಭೆಯ ನಿಜವಾದ ಓಡಾಟ ಇರುವುದೆಲ್ಲ ಇಲ್ಲೇ. ಆದರೆ ಎಲ್ಲರೂ ಸರ್ಕಾರದ ಪರವಾಗಿ ಓಟು ಹಾಕುವವರೇ ಆದ್ದರಿಂದ ಹುಡುಕಾಟಕ್ಕೆ ಸ್ವಾರಸ್ಯ ಕಮ್ಮಿ. ನನ್ನ ಮಟ್ಟಿಗೆ ಹೇಳುವುದಾದರೆ ನಾಮಕರಣಗೊಂಡ ಸರ್ಕಾರೇತರರನ್ನು ಬಿಡಬಾರದು. ಕಾರ್ಮಿಕರ ಪರವಾಗಿ ವರ್ಷಾನುಗಟ್ಟಲೆ ಕೂತ ಎನ್. ಎಂ. ಜೋಶಿ ಅಂಥವರು ಅಲ್ಲಿದ್ದಾರೆ. 1943ರಲ್ಲಿ ನಾಮಕರಣಗೊಂಡ ರೇಣುಕಾ ರೇ ಇದ್ದಾರೆ.

ಇನ್ನು ಕಾಲಾವಧಿ. ಚುನಾವಣೆಗಳು ನಡೆದದ್ದು 1920, 1923, 1926, 1930, 1934, 1945. ಕಾಯ್ದೆಯ ಪ್ರಕಾರ ಒಂದು ಸಭೆಗೆ ಮೂರು ವರ್ಷ. ಗವರ್ನರ್ ಜನರಲ್ ಮನಸ್ಸು ಮಾಡಿದರೆ ವಿಸ್ತರಿಸಬಹುದು. 1934ರಲ್ಲಿ ಆರಿಸಿದ ಐದನೇ ಸಭೆಗೆ ಆದದ್ದು ಅದೇ. 1935ರ ಕಾಯ್ದೆಯ ಒಕ್ಕೂಟ ಭಾಗ ಜಾರಿಗೇ ಬರಲಿಲ್ಲ, ಆಮೇಲೆ ಯುದ್ಧ ಬಂತು. ವಿಸ್ತರಿಸಿ ವಿಸ್ತರಿಸಿ 1945ರವರೆಗೆ ಎಳೆದರು. ಅಭ್ಯಾಸಕ್ಕೆ ಈ ಐದನೇ ಸಭೆಯನ್ನೇ ಆರಿಸಿಕೊಳ್ಳಿ. ಬದಲಾವಣೆ ಧಾರಾಳವಾಗಿ ಸಿಗುವುದು ಇದರಲ್ಲೇ.

ಕೈಗೆ ಸಿಗುವ ದಾಖಲೆ

ಸಭೆಯ ಚರ್ಚೆಗಳೆಲ್ಲ ಆಗಲೇ ಅಚ್ಚಾಗಿವೆ. ಅವುಗಳ ಸ್ಕ್ಯಾನ್ ಪ್ರತಿಗಳು ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಕೆಲವು ಸಂಪುಟಗಳು ಇಂಟರ್ನೆಟ್ ಆರ್ಕೈವಿನಲ್ಲೂ ಇವೆ. ಎರಡನ್ನೂ ತೆರೆದಿಟ್ಟುಕೊಳ್ಳಿ, ಒಂದರಲ್ಲಿ ಪುಟ ಮಸುಕಾಗಿದ್ದರೆ ಇನ್ನೊಂದರಲ್ಲಿ ಚೆನ್ನಾಗಿರಬಹುದು.

ಪುಟ ಒಂದರಿಂದ ಓದಲು ಹೋಗಬೇಡಿ. ಹೊಸಬರು ಯಾರಾದರೂ ಬಂದ ದಿನದ ಕಲಾಪದ ತಲೆಯಲ್ಲೇ, ಪ್ರಶ್ನೋತ್ತರಕ್ಕೂ ಮುಂಚೆ, "ಮೆಂಬರ್ಸ್ ಸ್ವೋರ್ನ್" ಎಂಬ ಶೀರ್ಷಿಕೆ ಇರುತ್ತದೆ. ಅಂದು ಪ್ರಮಾಣವಚನ ತೆಗೆದುಕೊಂಡವರ ಹೆಸರು, ಪಕ್ಕದಲ್ಲಿ ಕ್ಷೇತ್ರ, ಕೋಲನ್, ವರ್ಗ. ಎಲ್ಲವೂ ಒಂದೇ ಸಾಲಿನಲ್ಲಿ. ಸಭೆ ಹೊಸದಾಗಿ ಸೇರಿದ ದಿನ ಈ ಪಟ್ಟಿ ಪುಟಗಟ್ಟಲೆ ಇರುತ್ತದೆ. ಅದು ನಿಮ್ಮ ಮೊದಲ ಅಂಕಣ. ಆಮೇಲಿನ ದಿನಗಳಲ್ಲಿ ಒಂದೋ ಎರಡೋ ಹೆಸರು ಬರುತ್ತದೆ. ಆ ಒಂದೆರಡು ಹೆಸರೇ ನಮಗೆ ಬೇಕಾದ ಬದಲಾವಣೆ. ಒಂದು ಅಧಿವೇಶನವನ್ನು ಹೀಗೆ ತಲೆಬರಹ ಮಾತ್ರ ನೋಡುತ್ತಾ ಹೋದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಫೈಲಿನೊಳಗೆ ಪದ ಕೊಟ್ಟು ಹುಡುಕುವುದಾದರೆ ಆಗಿನ ಕಾಗುಣಿತ ಬಳಸಿ. ಧಾರವಾಡ ಇಂಗ್ಲಿಷಿನಲ್ಲಿ ಡಿ ಅಕ್ಷರದಿಂದ ಮುಗಿಯುತ್ತಿರಲಿಲ್ಲ, ಆರ್ ಅಕ್ಷರದಿಂದ ಮುಗಿಯುತ್ತಿತ್ತು. ಉತ್ತರ ಕನ್ನಡ ಬರೀ ಕಾನರಾ, ದಕ್ಷಿಣ ಕನ್ನಡ ಸೌತ್ ಕಾನರಾ. ಹಳೇ ಅಚ್ಚು, ಯಂತ್ರ ತಪ್ಪಾಗಿ ಓದಿರುತ್ತದೆ. ಹುಡುಕಾಟದಲ್ಲಿ ಏನೂ ಬರಲಿಲ್ಲ ಅಂದ ಮಾತ್ರಕ್ಕೆ ಆ ಪುಟದಲ್ಲಿ ಇಲ್ಲ ಅಂತ ತಿಳಿಯಬೇಡಿ, ಕಣ್ಣಿನಿಂದಲೂ ಒಮ್ಮೆ ನೋಡಿ.

ಓಟಿನ ಪಟ್ಟಿ ಎಂಬ ಹಾಜರಿ ಪುಸ್ತಕ

ಪ್ರಮಾಣವಚನ ಹೇಳುವುದು ಬಂದವರ ಸುದ್ದಿ. ಹೋದವರ ಸುದ್ದಿಗೆ ಓಟಿನ ಪಟ್ಟಿ ನೋಡಬೇಕು. ಸದಸ್ಯರು ಎರಡು ಕಡೆಯಾಗಿ ಓಟು ಹಾಕಿದಾಗಲೆಲ್ಲ ಪರ ಇಷ್ಟು, ವಿರೋಧ ಇಷ್ಟು ಎಂದು ಹೆಸರು ಸಮೇತ ಅಚ್ಚು ಹಾಕುತ್ತಿದ್ದರು. ಅದೂ ಉಪನಾಮದ ಅಕಾರಾದಿಯಲ್ಲಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 1935ರ ನಂತರದ ಯಾವುದಾದರೂ ದೊಡ್ಡ ಓಟಿನ ಪಟ್ಟಿ ತೆಗೆಯಿರಿ, ಕಾಂಗ್ರೆಸ್ಸಿನವರು ಇರುವ ಕಡೆಯದ್ದು. ಮೊದಲನೇ ಸಾಲಿನಲ್ಲೇ "ಆರನ್, ಮಿಸ್ಟರ್ ಸ್ಯಾಮ್ಯುಯಲ್" ಎಂದು ಇರುತ್ತದೆ. ಇಂಗ್ಲಿಷಿನಲ್ಲಿ ಎರಡು ಎ ಅಕ್ಷರದಿಂದ ಶುರುವಾಗುವ ಹೆಸರು, ಅವರಿಗಿಂತ ಮುಂಚೆ ಯಾರೂ ಬರಲು ಸಾಧ್ಯವೇ ಇಲ್ಲ. ಕೆಲವು ವರ್ಷ ಮುಂದೆ ಹೋಗಿ ನೋಡಿ. ಮೊದಲ ಸಾಲಿನಲ್ಲಿ ಆರನ್ ಇಲ್ಲ. ಕೆಳಗೆ ಎಚ್ ಅಕ್ಷರದ ಹತ್ತಿರ "ಹೆಗ್ಡೆ, ಶ್ರೀ ಕೆ. ಬಿ. ಜಿನರಾಜ" ಎಂಬ ಹೊಸ ಹೆಸರು ಇದೆ. ಕ್ಷೇತ್ರ ಅದೇ, ವೆಸ್ಟ್ ಕೋಸ್ಟ್ ಅಂಡ್ ನೀಲಗಿರೀಸ್. ಮಲಬಾರಿನ ಕೈಯಲ್ಲಿದ್ದ ಸೀಟು ದಕ್ಷಿಣ ಕನ್ನಡದ ಕಡೆಗೆ ಬಂತು. ಚುನಾವಣಾ ಫಲಿತಾಂಶದ ಪಟ್ಟಿ ಮಾತ್ರ ನೋಡಿದವರಿಗೆ ಜಿನರಾಜ ಹೆಗ್ಡೆಯವರು ಸಿಗುವುದೇ ಇಲ್ಲ. ಹೆಗ್ಡೆಯವರ ಹೆಸರಿನ ಆಸುಪಾಸಿನಲ್ಲೇ "ಹೊಸಮನಿ, ಮಿಸ್ಟರ್ ಎಸ್. ಕೆ." ಎಂದೂ ಕಾಣುತ್ತದೆ. ಅವರು ಬಾಂಬೆ ಸದರ್ನ್ ಡಿವಿಜನ್ನಿನವರು. ಹೀಗೆ ಒಂದೇ ಪುಟದಲ್ಲಿ ನಮ್ಮ ಕಡೆಯ ಇಬ್ಬರು ಅಕ್ಕಪಕ್ಕದಲ್ಲಿ ಸಿಗುತ್ತಾರೆ.

ಹೆಸರು ಕೊನೆಯದಾಗಿ ಕಂಡ ದಿನಾಂಕ, ಹೊಸ ಹೆಸರು ಪ್ರಮಾಣ ತೆಗೆದುಕೊಂಡ ದಿನಾಂಕ. ಬದಲಾವಣೆ ಇವೆರಡರ ನಡುವೆ ಆಗಿದೆ. ಈಗ ಕಾರಣ ಹುಡುಕಬೇಕು.

ಏಕೆ ಹೋದರು?

ಸೀಟು ಖಾಲಿಯಾಗಲು ಆಗಿನ ನಿಯಮಗಳಲ್ಲಿ ಇದ್ದ ದಾರಿಗಳು ಕೆಲವೇ. ಮರಣ, ಒಪ್ಪಿಗೆಯಾದ ರಾಜೀನಾಮೆ, ಸರ್ಕಾರಿ ಹುದ್ದೆ ಒಪ್ಪಿಕೊಂಡದ್ದು, ದೇಶದಿಂದ ಹೊರಗಿದ್ದದ್ದು ಅಥವಾ ಬರಲು ಆಗದೇ ಇದ್ದದ್ದು, ಆಯ್ಕೆಯೇ ಅಸಿಂಧು ಎಂದಾದದ್ದು. ಇದರ ಜೊತೆಗೆ, ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟಿಗೆ ಸದಸ್ಯರಾದರೆ ಕೆಳಮನೆಯ ಸೀಟು ತಾನಾಗಿ ಹೋಗುತ್ತಿತ್ತು. ಚುನಾಯಿತ ಸೀಟು ಖಾಲಿಯಾದರೆ ಗವರ್ನರ್ ಜನರಲ್ ಗೆಜೆಟ್ಟಿನಲ್ಲಿ ಪ್ರಕಟಣೆ ಹಾಕಿ ಆ ಕ್ಷೇತ್ರಕ್ಕೆ ಮರುಆಯ್ಕೆ ಮಾಡಲು ಹೇಳಬೇಕು. ಆ ಪ್ರಕಟಣೆಯಲ್ಲಿ ಕಾರಣವೂ ಇರುತ್ತದೆ. ನಿಮ್ಮ ಕೈಯಲ್ಲಿ ಎರಡು ದಿನಾಂಕಗಳ ಕಿಟಕಿ ಇರುವುದರಿಂದ ಗೆಜೆಟ್ ಆಫ್ ಇಂಡಿಯಾದ ಆ ಕೆಲವು ತಿಂಗಳ ಸಂಚಿಕೆ ನೋಡಿದರೆ ಸಾಕು, ಇಡೀ ವರ್ಷದ್ದು ಬೇಡ.

ಗೆಜೆಟ್ ಸಿಗದಿದ್ದರೆ ಇಂಡಿಯನ್ ಆನ್ಯುಯಲ್ ರಿಜಿಸ್ಟರ್ ನೋಡಿ. ಕಲ್ಕತ್ತಾದಿಂದ ಆರು ತಿಂಗಳಿಗೊಮ್ಮೆ ಬರುತ್ತಿತ್ತು, ಮೊದಲ ಭಾಗದಲ್ಲೇ ದಿನವಹಿ ಘಟನೆಗಳ ಪಟ್ಟಿ ಇರುತ್ತದೆ. ಉಪಚುನಾವಣೆಯ ಸುದ್ದಿ ಅಲ್ಲಿ ಒಂದು ಸಾಲಿನಲ್ಲಾದರೂ ಸಿಗುತ್ತದೆ. ಬಾಂಬೆ ಕರ್ನಾಟಕದವರಿಗೆ ಕರ್ಮವೀರ, ಸಂಯುಕ್ತ ಕರ್ನಾಟಕದ ಹಳೇ ಫೈಲುಗಳು ಇನ್ನೂ ಒಳ್ಳೆಯವು. ಯಾರು ಎದುರು ನಿಂತಿದ್ದರು, ಪ್ರಚಾರಕ್ಕೆ ಯಾರು ಬಂದಿದ್ದರು ಎಂಬುದನ್ನು ಗೆಜೆಟ್ ಹೇಳುವುದಿಲ್ಲ, ಪತ್ರಿಕೆ ಹೇಳುತ್ತದೆ. ಇನ್ನೂ ಆಳಕ್ಕೆ ಇಳಿಯಬೇಕು ಅನ್ನುವವರಿಗೆ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣ ಇದೆ. ಅಲ್ಲಿ ಶಾಸನಸಭೆ, ಚುನಾವಣೆಗಳ ವಿಷಯ ನೋಡುತ್ತಿದ್ದ ರಿಫಾರ್ಮ್ಸ್ ಆಫೀಸಿನ ಕಡತಗಳನ್ನು ಹುಡುಕಿ.

ಕಾರಣಗಳನ್ನು ಒಂದೊಂದಾಗಿ ಹುಡುಕುವ ಮುಂಚೆ ಸಾಮೂಹಿಕವಾಗಿ ಸೀಟು ಖಾಲಿಯಾದ ಎರಡು ಸಂದರ್ಭ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದು 1930. ಲಾಹೋರ್ ಕಾಂಗ್ರೆಸ್ಸಿನ ತೀರ್ಮಾನದಂತೆ ಮೋತಿಲಾಲ್ ನೆಹರು ಮತ್ತು ಅವರ ಜೊತೆಗಾರರು ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮದನಮೋಹನ ಮಾಳವೀಯರು ಆಗ ಕೊಡಲಿಲ್ಲ. ಹತ್ತಿಬಟ್ಟೆಯ ಸುಂಕದಲ್ಲಿ ಇಂಗ್ಲೆಂಡಿಗೆ ರಿಯಾಯಿತಿ ಕೊಡುವ ಮಸೂದೆ ಪಾಸಾದ ಮೇಲೆ ಹೊರಬಂದರು. ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ಏಪ್ರಿಲ್‌ನಲ್ಲಿ ಬಿಟ್ಟರು. ಮೂವರದ್ದೂ 1930ರ ರಾಜೀನಾಮೆಯೇ, ಆದರೆ ದಿನಾಂಕವೂ ಕಾರಣವೂ ಬೇರೆ ಬೇರೆ. ಒಂದೇ ಸಾಲಿನಲ್ಲಿ "ಕಾಂಗ್ರೆಸ್ ರಾಜೀನಾಮೆ, 1930" ಎಂದು ಬರೆದು ಮುಗಿಸಬೇಡಿ. ಆ ಸೀಟುಗಳಿಗೆ ಉಪಚುನಾವಣೆಯಲ್ಲಿ ಬಂದವರಿಗೆ ಸಿಕ್ಕಿದ್ದು ಕೆಲವೇ ತಿಂಗಳು, ಅದೇ ವರ್ಷ ಸಾರ್ವತ್ರಿಕ ಚುನಾವಣೆಯೂ ಬಂತು. ಇಂಥ ಅಲ್ಪಾವಧಿಯವರನ್ನೇ ಎಲ್ಲ ಪಟ್ಟಿಗಳೂ ಮರೆಯುವುದು.

ಎರಡನೆಯದು 1937. ಪ್ರಾಂತ್ಯಗಳಿಗೆ ಸ್ವಾಯತ್ತತೆ ಬಂತು, ಕಾಂಗ್ರೆಸ್ ಮಂತ್ರಿಮಂಡಲಗಳು ರಚನೆಯಾದವು, ದೆಹಲಿಯಲ್ಲಿದ್ದವರು ತಮ್ಮ ತಮ್ಮ ಪ್ರಾಂತ್ಯಕ್ಕೆ ಹೊರಟರು. ಗೋವಿಂದ ವಲ್ಲಭ ಪಂತ್ ಸಂಯುಕ್ತ ಪ್ರಾಂತ್ಯದ (ಈಗಿನ ಉತ್ತರ ಪ್ರದೇಶದ ಕಡೆ) ಪ್ರಧಾನಿಯಾಗಲು, ಅಂದರೆ ಈಗಿನ ಮಾತಲ್ಲಿ ಮುಖ್ಯಮಂತ್ರಿಯಾಗಲು, ಹೋದರು, ಅವರ ರೋಹಿಲ್‌ಖಂಡ್ ಕುಮಾವೂ ಸೀಟಿಗೆ ಬದರಿ ದತ್ ಪಾಂಡೆ ಬಂದರು. ವಾಯವ್ಯ ಗಡಿಯ ಡಾ. ಖಾನ್ ಸಾಹಿಬ್ ಹೋದರು, ಅಬ್ದುಲ್ ಖಯ್ಯೂಮ್ ಬಂದರು. ಗಂಜಾಂ ವಿಶಾಖಪಟ್ಟಣದ ವಿ. ವಿ. ಗಿರಿ ಮದ್ರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲ ಸೇರಿದರು, ಆ ಸೀಟಿಗೆ ಕೆ. ಎಸ್. ಗುಪ್ತ ಬಂದರು. ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಮೇಲೆ ರಾಷ್ಟ್ರಪತಿಯೂ ಆದ ಅದೇ ಗಿರಿ. ಹಾಗಾಗಿ 1937ರ ಸುಮಾರಿಗೆ ಯಾವುದಾದರೂ ಹೆಸರು ಮಾಯವಾದರೆ ಮೊದಲು ಪ್ರಾಂತ್ಯದ ಮಂತ್ರಿಗಳ ಮತ್ತು ಶಾಸಕರ ಪಟ್ಟಿ ನೋಡಿ, ಆಮೇಲೆ ಉಳಿದದ್ದು.

ಅದೇ ವರ್ಷದ ಏಪ್ರಿಲ್ 1ರಂದು ಬರ್ಮಾ ಭಾರತದಿಂದ ಬೇರೆಯಾಯಿತು. ಬರ್ಮಾದ ಸದಸ್ಯರ ಜಾಗಕ್ಕೆ ಯಾರು ಬಂದರು ಎಂದು ಹುಡುಕಬೇಡಿ. ಯಾರೂ ಬರಲಿಲ್ಲ, ಸೀಟುಗಳೇ ಹೋದವು. ನಿಮ್ಮ ಹಾಳೆಯಲ್ಲಿ ಆ ಸಾಲುಗಳನ್ನು ಅಲ್ಲಿಗೆ ಮುಚ್ಚಿ.

ನಾಗಪುರದ ಸೀಟು

ಗೊಂದಲ ಎಷ್ಟು ವಿಧ ಎಂದು ಒಂದೇ ಕಡೆ ನೋಡಬೇಕಾದರೆ ನಾಗಪುರ ಡಿವಿಜನ್ನಿನ ಸೀಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1934ರಲ್ಲಿ ಗೆದ್ದವರು ಎಂ. ವಿ. ಅಭ್ಯಂಕರ್. ಹೊಸ ಸಭೆ ಸೇರುವ ಮುಂಚೆಯೇ, 1935ರ ಜನವರಿ 2ರಂದು, ತೀರಿಕೊಂಡರು. ಅಂದರೆ ಚುನಾವಣಾ ಪಟ್ಟಿಯಲ್ಲಿ ಇದ್ದಾರೆ, ಐದನೇ ಸಭೆಯ ಪ್ರಮಾಣವಚನದ ಪಟ್ಟಿಯಲ್ಲಿ ಇಲ್ಲ. ಅವರ ಜಾಗಕ್ಕೆ ಡಾ. ಎನ್. ಬಿ. ಖರೆ ಬಂದರು. 1937ರಲ್ಲಿ ಖರೆ ಮಧ್ಯಪ್ರಾಂತ್ಯದ ಪ್ರಧಾನಿಯಾದರು. ಆಮೇಲೆ ಆ ಸೀಟಿಗೆ ಬಂದವರು ಗೋವಿಂದ ವಿ. ದೇಶಮುಖ್. ಮೂರು ವರ್ಷದೊಳಗೆ ಮೂವರು.

ತಮಾಷೆ ಇರುವುದು ಇಲ್ಲಿ. ಅದೇ ಸಭೆಯಲ್ಲಿ ಬಾಂಬೆ ನಗರದಿಂದ ಬಂದ ಡಾ. ಜಿ. ವಿ. ದೇಶಮುಖ್ ಎಂಬ ಇನ್ನೊಬ್ಬರು ಇದ್ದರು. ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ 1937ರ ಕಾಯ್ದೆಗೆ ಕಾರಣರಾದವರು ಅವರು. ಗೋವಿಂದ ವಿ. ದೇಶಮುಖರ ಇನಿಷಿಯಲ್ ಕೂಡ ಜಿ. ವಿ. ಗೊಂದಲ ಆಗಬಾರದು ಎಂದೇ ಇರಬೇಕು, ವರದಿಯಲ್ಲಿ ನಾಗಪುರದವರ ಹೆಸರನ್ನು "ಮಿಸ್ಟರ್ ಗೋವಿಂದ ವಿ. ದೇಶಮುಖ್" ಎಂದು ಬಿಡಿಸಿ ಹಾಕುತ್ತಿದ್ದರು, ಬಾಂಬೆಯವರಿಗೆ "ಡಾಕ್ಟರ್" ಎಂದಿರುತ್ತಿತ್ತು. ಸೂಚಿ ಮಾಡುವವರು, ಅಂತರ್ಜಾಲದಲ್ಲಿ ಪಟ್ಟಿ ಮಾಡುವವರು ಇಬ್ಬರನ್ನೂ ಒಂದೇ ಮಾಡಿಬಿಡುವ ಸಾಧ್ಯತೆ ಇದೆ. ಯಾವಾಗಲೂ ಹೆಸರಿನ ಜೊತೆ ಕ್ಷೇತ್ರವನ್ನೂ ನೋಡಿ.

ಖರೆಯವರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1943ರಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದರು. ಆ ಮಂಡಳಿಯವರನ್ನು ಎರಡು ಮನೆಗಳಲ್ಲಿ ಒಂದಕ್ಕೆ ನಾಮಕರಣ ಮಾಡುತ್ತಿದ್ದರು, ಆದರೆ ಎರಡರಲ್ಲೂ ಮಾತಾಡುವ ಹಕ್ಕು ಇತ್ತು. ಆದ್ದರಿಂದ ಕಾರ್ಯಕಾರಿ ಮಂಡಳಿಯ ಯಾರಾದರೂ ಕೆಳಮನೆಯಲ್ಲಿ ಭಾಷಣ ಮಾಡಿದ್ದನ್ನು ನೋಡಿ "ಸದಸ್ಯರು" ಎಂದು ಬರೆಯುವಂತಿಲ್ಲ. ಓಟಿನ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ, ಓಟು ಹಾಕಿದ್ದರೆ ಮಾತ್ರ ಆ ಮನೆಯವರು.

ಕಾಲು ಜಾರುವ ಇನ್ನಷ್ಟು ಜಾಗ

ಸಭಾತ್ಯಾಗ ರಾಜೀನಾಮೆ ಅಲ್ಲ. 1926ರ ಮಾರ್ಚ್ 8ರಂದು ಸ್ವರಾಜ್ ಪಕ್ಷದವರು ಎದ್ದು ಹೊರನಡೆದರು, ಸೀಟು ಬಿಡಲಿಲ್ಲ. ಯುದ್ಧದ ವರ್ಷಗಳಲ್ಲೂ ಹೀಗೇ. ಕಾಂಗ್ರೆಸ್ಸಿನವರು ತಿಂಗಳುಗಟ್ಟಲೆ ಸಭೆಗೆ ಬರಲಿಲ್ಲ, 1942ರ ನಂತರ ಅನೇಕರು ಜೈಲಿನಲ್ಲಿದ್ದರು. ಓಟಿನ ಪಟ್ಟಿಯಲ್ಲಿ ಹೆಸರು ಇಲ್ಲ ಅಂದರೆ ಸದಸ್ಯತ್ವ ಹೋಯಿತು ಅಂತಲ್ಲ. ಅದಕ್ಕೇ ಹೇಳಿದ್ದು, ಓಟಿನ ಪಟ್ಟಿಯಿಂದ ಅನುಮಾನ ಹುಟ್ಟಬೇಕು, ತೀರ್ಮಾನ ಗೆಜೆಟ್ಟಿನಿಂದ ಆಗಬೇಕು. ಜೈಲಿನಲ್ಲಿದ್ದೇ ಗೆದ್ದವರೂ ಇದ್ದಾರೆ. 1926ರಲ್ಲಿ ಬಂಗಾಳದ ಸತ್ಯೇಂದ್ರ ಚಂದ್ರ ಮಿತ್ರ ಬರ್ಮಾದ ಮಾಂಡಲೆಯಲ್ಲಿ ಬಂಧನದಲ್ಲಿದ್ದಾಗಲೇ ಆರಿಸಿ ಬಂದರು. ಅವರನ್ನು ಸಭೆಗೆ ಬಿಡುತ್ತಿಲ್ಲ ಎಂದು 1927ರ ಜನವರಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆರಿಸಿ ಬಂದ ದಿನಕ್ಕೂ ಪ್ರಮಾಣ ತೆಗೆದುಕೊಂಡ ದಿನಕ್ಕೂ ದೊಡ್ಡ ಅಂತರ ಇದ್ದರೆ ಇಂಥ ಕಾರಣ ಇರಬಹುದು.

ಅಧ್ಯಕ್ಷರಾದವರು ಹೆಸರು ಕಳೆದುಕೊಳ್ಳುತ್ತಾರೆ. ವರದಿಯಲ್ಲಿ ಅವರು ಬರೀ "ಮಿಸ್ಟರ್ ಪ್ರೆಸಿಡೆಂಟ್". ಸೀಟು ಹಾಗೇ ಇರುತ್ತದೆ, ಹೆಸರು ಮಾತ್ರ ಕಾಣುವುದಿಲ್ಲ. ಷಣ್ಮುಖಂ ಚೆಟ್ಟಿಯವರು ಮೊದಲು ಉಪಾಧ್ಯಕ್ಷ, 1933ರಲ್ಲಿ ಅಧ್ಯಕ್ಷ, 1934ರ ಚುನಾವಣೆಯಲ್ಲಿ ಸೋಲು. ಮೂರೂ ಹಂತ ಬೇರೆ ಬೇರೆಯಾಗಿ ಬರೆಯಿರಿ. ಬಿರುದುಗಳೂ ದಾರಿ ತಪ್ಪಿಸುತ್ತವೆ. ಮೌಲ್ವಿ ಮುಹಮ್ಮದ್ ಯಾಕೂಬ್ ಮತ್ತು ಸರ್ ಮುಹಮ್ಮದ್ ಯಾಕೂಬ್ ಇಬ್ಬರಲ್ಲ, ಒಬ್ಬರೇ.

ಸಂತಾಪ ಸೂಚಿಸಿದ ದಿನವನ್ನು ಮರಣದ ದಿನ ಎಂದು ಹಾಕಬೇಡಿ. ಜಲಂಧರ್ ಡಿವಿಜನ್ನಿನ ಸದಸ್ಯರಾಗಿದ್ದ ಲಾಲಾ ಲಜಪತ್ ರಾಯ್ ತೀರಿಕೊಂಡದ್ದು 1928ರ ನವೆಂಬರ್ 17, ಆಗ ಅಧಿವೇಶನ ಇರಲಿಲ್ಲ. ಸಭೆಗೆ ಅದನ್ನು ಸ್ಮರಿಸಲು ಆದದ್ದು ಮುಂದಿನ ವರ್ಷದ ದೆಹಲಿ ಅಧಿವೇಶನದಲ್ಲಿ.

ಎರಡು ಮನೆಗಳನ್ನು ಬೆರೆಸುವುದು ಇನ್ನೊಂದು. ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ 1938ರಲ್ಲಿ ಆರಿಸಿ ಬಂದದ್ದು ಕೌನ್ಸಿಲ್ ಆಫ್ ಸ್ಟೇಟಿಗೆ, ಆ ಮನೆಯ ಮೊದಲ ಮಹಿಳಾ ಸದಸ್ಯೆ ಅವರು. ಅವರನ್ನು ಶಾಸನಸಭೆಯ ವರದಿಯಲ್ಲಿ ಹುಡುಕಿದರೆ ಬರೀ ನಿರಾಸೆ.

ಬೇರೆ ವಸಾಹತುಗಳ ಪಟ್ಟಿ ನೋಡಿ ಅಭ್ಯಾಸ ಇದ್ದವರಿಗೆ ಒಂದು ಮಾತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಂಥ ಕಡೆ ಸದಸ್ಯರೊಬ್ಬರು ಮಂತ್ರಿಯಾದರೆ ಸೀಟು ಖಾಲಿಯಾಗಿ, ಮತ್ತೆ ಅದೇ ಕ್ಷೇತ್ರದಲ್ಲಿ ನಿಂತು ಗೆದ್ದು ಬರಬೇಕಿತ್ತು. ಅಲ್ಲಿನ ಪಟ್ಟಿಯಲ್ಲಿ ಒಬ್ಬರೇ ಹೋಗಿ ಒಬ್ಬರೇ ಬಂದಂತೆ ಕಂಡರೆ ಅದು ಅಚ್ಚಿನ ತಪ್ಪಲ್ಲ. ಸಾಲ ತೀರಿಸಲಾಗದೆ ದಿವಾಳಿಯಾದರೂ ಸೀಟು ಹೋಗುತ್ತಿತ್ತು. ಹೆನ್ರಿ ಪಾರ್ಕ್ಸ್ ಅಂಥ ನಾಯಕರೇ 1858ರಲ್ಲಿ ಒಮ್ಮೆ, 1870ರಲ್ಲಿ ಇನ್ನೊಮ್ಮೆ ಹಾಗೆ ಬಿಟ್ಟು ಮತ್ತೆ ಬಂದವರು. ನಮ್ಮ ದೆಹಲಿ ಸಭೆಯಲ್ಲಿ ಆ ಪದ್ಧತಿ ಇರಲಿಲ್ಲ. ಕಾರ್ಯಕಾರಿ ಮಂಡಳಿ ಸೇರಿದವರು ನಾಮಕರಣದ ಮೂಲಕ ಬರುತ್ತಿದ್ದರು, ಜನರ ಹತ್ತಿರ ಮತ್ತೆ ಹೋಗುವ ಮಾತೇ ಇಲ್ಲ. ಆ ಜನರಾದರೂ ಎಷ್ಟು? 1934ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸೇರಿ ಮತದಾರರು ಸುಮಾರು 14 ಲಕ್ಷ.

ಹಾಳೆಗೆ ಇಳಿಸುವಾಗ

ಒಂದು ಬದಲಾವಣೆಗೆ ನಾಲ್ಕು ದಿನಾಂಕ ಇಡಿ. ಸೀಟು ಖಾಲಿಯಾದ ದಿನ, ಗೆಜೆಟ್ ಪ್ರಕಟಣೆಯ ದಿನ, ಫಲಿತಾಂಶದ ದಿನ, ಪ್ರಮಾಣವಚನದ ದಿನ. ನಾಲ್ಕೂ ಸಿಗುವುದು ಅಪರೂಪ. ಸಿಗದ ಜಾಗ ಖಾಲಿ ಬಿಡಿ, ಅಂದಾಜಿನಿಂದ ತುಂಬಬೇಡಿ. ಒಂದೇ ದಿನಾಂಕ ಹಾಕಲೇಬೇಕು ಎಂದಾದರೆ ನಾನು ಪ್ರಮಾಣವಚನದ ದಿನ ಹಾಕುತ್ತೇನೆ, ಏಕೆಂದರೆ ಅದು ಅಚ್ಚಿನಲ್ಲಿದೆ, ಯಾರು ಬೇಕಾದರೂ ಪುಟ ತೆಗೆದು ನೋಡಬಹುದು. ಪ್ರತಿ ನಮೂದಿನ ಪಕ್ಕದಲ್ಲಿ ಸಂಪುಟ, ದಿನ, ಪುಟ ಬರೆಯಿರಿ. ಆರು ತಿಂಗಳ ಮೇಲೆ ನಿಮಗೇ ಬೇಕಾಗುತ್ತದೆ.

ಶುರು ಮಾಡಲು ಇಡೀ ಸಭೆ ಬೇಡ, ಒಂದು ಸೀಟು ಸಾಕು. ಕರಾವಳಿಯವರು ಆರನ್ ಅವರಿಂದ ಜಿನರಾಜ ಹೆಗ್ಡೆಯವರಿಗೆ ಸೀಟು ಬಂದ ದಾರಿ ಹಿಡಿಯಲಿ. ಆರನ್ ಕೊನೆಯದಾಗಿ ಓಟು ಹಾಕಿದ ದಿನ, ಹೆಗ್ಡೆಯವರು ಪ್ರಮಾಣ ತೆಗೆದುಕೊಂಡ ದಿನ, ನಡುವಿನ ಗೆಜೆಟ್. ಬಳ್ಳಾರಿಯವರು ಸೀಡೆಡ್ ಡಿಸ್ಟ್ರಿಕ್ಟ್ಸ್ ಸೀಟಿನಲ್ಲಿ 1934ರಲ್ಲಿ ಬಂದ ಅನಂತಶಯನಂ ಅಯ್ಯಂಗಾರರಿಂದ ಶುರು ಮಾಡಿ ಹಿಂದಕ್ಕೆ ಹೋಗಲಿ, ಮುಂದೆ ಲೋಕಸಭೆಯ ಸ್ಪೀಕರ್ ಆದವರು ಅವರು. ಧಾರವಾಡ, ಬೆಳಗಾವಿ ಕಡೆಯವರಿಗೆ ಹೊಸಮನಿಯವರಿಂದ ಹಿಂದಕ್ಕೆ, ಇಪ್ಪತ್ತರ ದಶಕದಲ್ಲಿ ಅದೇ ಸೀಟಿನಲ್ಲಿದ್ದ ಬೆಳಗಾವಿಯ ಡಿ. ವಿ. ಬೆಳವಿಯವರ ತನಕ ಹೋಗಲು ಸಾಕಷ್ಟು ಕೆಲಸ ಇದೆ. ಕೊಳ್ಳೇಗಾಲದವರಿಗೆ ಷಣ್ಮುಖಂ ಚೆಟ್ಟಿಯವರ ನಂತರ ಆ ಸೀಟಿಗೆ ಬಂದ ಅವಿನಾಶಿಲಿಂಗಂ ಚೆಟ್ಟಿಯಾರ್ ಇದ್ದಾರೆ.